ಅಳಿವೆಯ ಅಂಚಿನ ಹಕ್ಕಿ, ಅಳಿವಿನ ಅಂಚಿನದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಕಾಸರಗೋಡು ಪುಟದಲ್ಲಿ ಒಂದು ಹಕ್ಕಿಯ ಫೋಟೋ ಬಂದಿತ್ತು. ಫೋಟೋ ಚಂದ ಇತ್ತು, ಅದರಲ್ಲಿ ಎರಡು ಮಾತಿಲ್ಲ. ರೆಕ್ಕೆ ಪೂರ್ತಿ ಬಿಚ್ಚಿಕೊಂಡು, ಕಾಲಲ್ಲಿ ಮೀನು ಹಿಡಿದುಕೊಂಡು ಹೋಗುತ್ತಿರುವ ಹಕ್ಕಿ. ಅದರ ಕೆಳಗೆ ಬರೆದದ್ದು 'ಅಳಿವಿನಂಚಿನಲ್ಲಿ ಜಿಲ್ಲೆಯ ಗರುಡ' ಅಂತ. ಮೂರೇ ಪದ. ಅದರಲ್ಲಿ ಸರಿ ಇರುವುದು ನಡುವಿನದ್ದು ಮಾತ್ರ. ಆ ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು, ಗರುಡ ಅಲ್ಲ, ಅಳಿವಿನಂಚಿನಲ್ಲೂ ಇಲ್ಲ. ಅಳಿವೆಯ ಅಂಚಿನಲ್ಲಿ ಇರುವುದು ಹೌದು. ನಮ್ಮ ಮನೆ ಶಿರಿಯದಲ್ಲಿ ಹೊಳೆ ಕಡಲಿಗೆ ಸೇರುವಲ್ಲಿಂದ ಸ್ವಲ್ಪವೇ ಈಚೆಗೆ, ಹಾಗಾಗಿ ದಿನಾ ನೋಡುತ್ತೇನೆ.

ನಾನು ಪಕ್ಷಿ ತಜ್ಞ ಏನಲ್ಲ. ಉಪ್ಪಳದಲ್ಲಿ ಒಂದು ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಇದರ ಜೊತೆಗೆ ಮಲಯಾಳದಲ್ಲಿ ಬಂದ ನೋಟೀಸನ್ನು ಕನ್ನಡದಲ್ಲಿ ಓದಿ ಹೇಳುವುದು, ಅರ್ಜಿ ತುಂಬಿಸಿ ಕೊಡುವುದು. ಈ ಕೆಲಸ ಮಾಡಿ ಮಾಡಿ ನಿಮ್ಮ ತಪ್ಪು ಎಲ್ಲಿಂದ ಬಂತು ಅಂತ ನನಗೆ ಕೂಡಲೇ ಗೊತ್ತಾಯಿತು.

2023ರಲ್ಲಿ ನಮ್ಮ ಜಿಲ್ಲೆಗೆ ಅಂತ ಒಂದು ಮರ, ಒಂದು ಹೂವು, ಒಂದು ಹಕ್ಕಿ, ಒಂದು ಆಮೆ ಆರಿಸಿದರು. ಮರ ಕಾಸರಕ. ಊರಿನ ಹೆಸರೇ ಅದರಿಂದ ಬಂತು ಅನ್ನುವವರಿದ್ದಾರಲ್ಲ, ಅದೇ ಕಹಿ ಮರ. ಹೂವು ಪೆರಿಯ ಕಡೆ ತೋಡಿನಲ್ಲಿ ಅರಳುವ ಪೋಳತ್ತಾಳಿ. ಆಮೆ ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆ. ಹಕ್ಕಿಯ ಹೆಸರು ಮಲಯಾಳದಲ್ಲಿ 'ವೆಳ್ಳವಯರನ್ ಕಡಲ್‌ಪರುಂದ್', ಅಂದರೆ ಬಿಳಿ ಹೊಟ್ಟೆಯ ಕಡಲ ಹದ್ದು. ಮಲಯಾಳದಲ್ಲಿ ಹದ್ದಿಗೂ ಪರುಂದ್, ಗರುಡನಿಗೂ ಪರುಂದೇ. ಗರುಡನನ್ನು ಅವರು ಕೃಷ್ಣಪ್ಪರುಂದ್ ಅನ್ನುತ್ತಾರೆ. ಕನ್ನಡ ಮಾಡುವವರು ಯಾರೋ ಅವಸರದಲ್ಲಿ ಎರಡನ್ನೂ ಒಂದೇ ಮಾಡಿ 'ಗರುಡ' ಅಂತ ಬರೆದುಬಿಟ್ಟಿದ್ದಾರೆ. ಇಂಥದ್ದು ನಮ್ಮಲ್ಲಿ ಹೊಸತೇನಲ್ಲ. ಬಸ್ಸಿನ ಬೋರ್ಡಿನಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಅನುಭವಿಸಿದ್ದೇವೆ. ಆದರೆ ಕನ್ನಡ ಪತ್ರಿಕೆಯೇ ಹೀಗೆ ಬರೆದರೆ ಹೇಗೆ ಮಾರಾಯ್ರೆ? ಕನ್ನಡದಲ್ಲಿ ಗರುಡ ಬೇರೆ, ಹದ್ದು ಬೇರೆ ಅಂತ ಎರಡು ಪದ ಇದೆ. ಇದ್ದದ್ದನ್ನು ಕಳೆದುಕೊಳ್ಳುವುದು ಯಾಕೆ?

ನಮ್ಮ ಅಜ್ಜಿ ಗರುಡನನ್ನು ಕಂಡರೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕೈ ಮುಗಿಯುತ್ತಿದ್ದರು. ದೇವಸ್ಥಾನದಲ್ಲಿ ಬ್ರಹ್ಮಕಲಶ ಆಗುವಾಗ ಆಕಾಶದಲ್ಲಿ ಗರುಡ ಒಂದು ಸುತ್ತು ಬಂದರೆ ಈಗಲೂ ಮೈಕಿನಲ್ಲಿ ಹೇಳುತ್ತಾರೆ, ಮಾರನೇ ದಿನ ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ. ಅಜ್ಜಿಗೆ ಗುರುತು ತಪ್ಪುತ್ತಿರಲಿಲ್ಲ. 'ಎದೆ ಬಿಳಿ, ಹೊಟ್ಟೆ ಕೆಂಪು' ಅನ್ನುತ್ತಿದ್ದರು. ಅಷ್ಟೇ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಿಕ್ಕಿಲ್ಲ. ಗರುಡನ ತಲೆ, ಕುತ್ತಿಗೆ, ಎದೆ ಬಿಳಿ, ಉಳಿದ ಮೈಯೆಲ್ಲ ಹೆಂಚಿನ ಬಣ್ಣ, ರೆಕ್ಕೆಯ ತುದಿ ಕಪ್ಪು. ಕಡಲ ಹದ್ದಿಗೆ ತಲೆಯಿಂದ ಹೊಟ್ಟೆಯವರೆಗೂ ಬಿಳಿ, ಬೆನ್ನು ಬೂದಿ ಬಣ್ಣ, ಹೆಂಚಿನ ಬಣ್ಣ ಹುಡುಕಿದರೂ ಸಿಗುವುದಿಲ್ಲ. ಕೆಳಗಿನಿಂದ ನೋಡಿದರೆ ರೆಕ್ಕೆಯ ಮುಂದಿನ ಅರ್ಧ ಬಿಳಿ, ಹಿಂದಿನ ಅರ್ಧ ಕಪ್ಪು. ನಿಮ್ಮ ಫೋಟೋವನ್ನು ಮತ್ತೊಮ್ಮೆ ತೆಗೆದು ನೋಡಿ.

ಗಾತ್ರದಲ್ಲಂತೂ ಹೋಲಿಕೆಯೇ ಇಲ್ಲ. ಗರುಡನ ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು 110ರಿಂದ 125 ಸೆಂಟಿಮೀಟರ್. ಕಡಲ ಹದ್ದಿನದ್ದು ಎರಡು ಮೀಟರಿನ ಆಸುಪಾಸು. ಮನೆಯ ಎದುರು ಬಾಗಿಲಿಗಿಂತ ಅಗಲ. ಅದರಲ್ಲೂ ಹೆಣ್ಣು ಗಂಡಿಗಿಂತ ದೊಡ್ಡದು. ಹಾರುವಾಗ ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿಯೇ ಇಟ್ಟುಕೊಳ್ಳುತ್ತದೆ, ಬಾಲ ಗಿಡ್ಡ, ಆಪು ಬಡಿದ ಹಾಗೆ ಕೊನೆಗೆ ಚೂಪು. ಗರುಡನ ಬಾಲ ಉರುಟು. ಪೇಟೆಯಲ್ಲಿ ಕಸದ ಮೇಲೆ ಸುತ್ತುವ ಸಾಮಾನ್ಯ ಕರಿ ಹದ್ದಿಗೆ ಬಾಲದ ತುದಿ ಕವಲು. ಕಷ್ಟ ಬರುವುದು ಮರಿಗಳಲ್ಲಿ ಮಾತ್ರ. ಎರಡರ ಮರಿಯೂ ಕಂದು ಬಣ್ಣವೇ. ಕಡಲ ಹದ್ದಿನ ಮರಿಗೆ ಆ ಬಿಳಿ ಬಣ್ಣ ಪೂರ್ತಿ ಬರಲು ನಾಲ್ಕೈದು ವರ್ಷ ಬೇಕು, ಅಲ್ಲಿಯವರೆಗೆ ನನಗೂ ಎಷ್ಟೋ ಸಲ ಗೊಂದಲ ಆಗಿದೆ. ಕೂಗು ಕೇಳಿದರೆ ಸಂಶಯವೇ ಇಲ್ಲ. ಗರುಡ ಬೆಕ್ಕಿನ ಮರಿ ಅತ್ತ ಹಾಗೆ ಎಳೆದು ಕೂಗುತ್ತದೆ. ಕಡಲ ಹದ್ದು ಬಾತುಕೋಳಿಗೆ ಸಿಟ್ಟು ಬಂದ ಹಾಗೆ, ಅದೂ ಗಂಡು ಹೆಣ್ಣು ಎರಡೂ ಒಟ್ಟಿಗೆ.

ಒಂದು ತಮಾಷೆ ಹೇಳುತ್ತೇನೆ. ಹಳೇ ನೋಟು ಸಂಗ್ರಹ ಮಾಡುವ ಗಿರಾಕಿಯೊಬ್ಬರು ಅಂಗಡಿಗೆ ಬರುತ್ತಾರೆ. ಸಿಂಗಾಪುರದಲ್ಲಿ 1976ರಿಂದ ಹಕ್ಕಿಗಳ ಚಿತ್ರದ ನೋಟು ಬರುತ್ತಿತ್ತಂತೆ. ಅದರಲ್ಲಿ ಸಾವಿರ ಡಾಲರಿನ ನೋಟಿನಲ್ಲಿ ಗರುಡ, ಹತ್ತು ಸಾವಿರದ ನೋಟಿನಲ್ಲಿ ಕಡಲ ಹದ್ದು. ಅವರ ಹತ್ತಿರ ಇದ್ದದ್ದು ನೋಟಲ್ಲ, ಮೊಬೈಲಿನಲ್ಲಿ ಅದರ ಫೋಟೋ. ಸಿಂಗಾಪುರದವರು ಇವೆರಡನ್ನು ಕಲಸಿದ್ದರೆ ಒಂಬತ್ತು ಸಾವಿರ ಡಾಲರ್ ನಷ್ಟ. ನಾವು ಕಲಸಿದರೆ ನಷ್ಟ ಇಲ್ಲ ಅಂದುಕೊಂಡಿದ್ದೇವೆ.

ಇಷ್ಟೆಲ್ಲ ಬೇರೆ ಬೇರೆ ಅಂದೆನಲ್ಲ, ಹಾಗಂತ ಸಂಬಂಧವೇ ಇಲ್ಲ ಅಂತ ಅಲ್ಲ. ಇಲ್ಲೇ ನನಗೆ ಈ ವಿಷಯದ ರುಚಿ ಹತ್ತಿದ್ದು. ಎರಡೂ ಒಂದೇ ಗಣ, ಒಂದೇ ಕುಟುಂಬ. ಆ ಕುಟುಂಬಕ್ಕೆ ಆಕ್ಸಿಪಿಟ್ರಿಡೇ ಅನ್ನುತ್ತಾರೆ. ಹದ್ದು, ಗಿಡುಗ, ರಣಹದ್ದು ಎಲ್ಲ ಸೇರಿ ಸುಮಾರು 250 ಜಾತಿಯ ದೊಡ್ಡ ಸಂಸಾರ. ಗರುಡನಿಗೆ ಮೊದಲು ಲ್ಯಾಟಿನ್ ಹೆಸರು ಕೊಟ್ಟವರು ಬೊಡ್ಡೇರ್ಟ್ ಅನ್ನುವ ಡಚ್ಚರು, 1783ರಲ್ಲಿ. ಅದಕ್ಕೂ ಮೊದಲೇ, 1760ರಲ್ಲಿ, ಫ್ರಾನ್ಸಿನ ಬ್ರಿಸನ್ ಅದನ್ನು 'ಪಾಂಡಿಚೇರಿಯ ಹದ್ದು' ಅಂತ ಬರೆದಿದ್ದರು. ನಮ್ಮ ಗರುಡ ಯುರೋಪಿನ ಪುಸ್ತಕಕ್ಕೆ ಪಾಂಡಿಚೇರಿ ದಾರಿಯಲ್ಲಿ ಹೋಗಿದ್ದಾನೆ ನೋಡಿ. ಕಡಲ ಹದ್ದಿಗೆ ಹೆಸರಿಟ್ಟವರು ಜರ್ಮನಿಯ ಗ್ಮೆಲಿನ್, 1788ರಲ್ಲಿ. ಇಬ್ಬರೂ ತಮ್ಮ ತಮ್ಮ ಹಕ್ಕಿಯನ್ನು ಫಾಲ್ಕೊ ಅನ್ನುವ ಒಂದೇ ಜಾತಿಪಂಗಡಕ್ಕೆ ಹಾಕಿದ್ದರು. ಆಗಿನ ಕಾಲದಲ್ಲಿ ಕೊಕ್ಕು ಬಾಗಿದ್ದು, ಹಗಲು ಬೇಟೆ ಆಡುವುದು ಎಲ್ಲವೂ ಫಾಲ್ಕೊ. ಈಗ ನೋಡಿದರೆ ಫಾಲ್ಕನ್ ಬಳಗದವರು ಹದ್ದುಗಳಿಗಿಂತ ಗಿಳಿಗಳಿಗೇ ಹತ್ತಿರ ಅಂತ ಡಿಎನ್‌ಎ ನೋಡಿದವರು ಹೇಳುತ್ತಾರೆ. ಮೊದಲ ಸಲ ಓದಿದಾಗ ನಾನು ನಂಬಲಿಲ್ಲ, ಎರಡು ದಿನ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಆಮೇಲೆ ಗರುಡ ಹಾಲಿಯಾಸ್ಟರ್ ಅನ್ನುವ ಸಣ್ಣ ಮನೆಗೆ ಹೋಯಿತು. ಆ ಮನೆಯಲ್ಲಿ ಇರುವುದು ಎರಡೇ ಜಾತಿ. ಒಂದು ಇದು, ಇನ್ನೊಂದು ಆಸ್ಟ್ರೇಲಿಯಾ ಕಡೆಯ ಸಿಳ್ಳೆ ಹಾಕುವ ಹದ್ದು. ಬಿಳಿಹೊಟ್ಟೆಯ ಕಡಲ ಹದ್ದು ತುಂಬಾ ಕಾಲ ಹಾಲಿಯೀಟಸ್ ಪಂಗಡದಲ್ಲಿತ್ತು, ಅಮೆರಿಕದ ಲಾಂಛನದಲ್ಲಿರುವ ಆ ಬಿಳಿ ತಲೆಯ ಹದ್ದಿನ ಜೊತೆಗೆ. ಇತ್ತೀಚೆಗಿನ ಪಟ್ಟಿಗಳಲ್ಲಿ ಇದನ್ನು ಇಕ್ತಿಯೋಫಾಗ ಅನ್ನುವ ಪಂಗಡಕ್ಕೆ ದಾಟಿಸಿದ್ದಾರೆ. ಅಂದರೆ ಮೀನು ತಿನ್ನುವುದು ಅಂತ ಅರ್ಥ, ನಮ್ಮ ಮೊಗವೀರರು ಇಟ್ಟ ಹೆಸರಿನ ಹಾಗೇ ಇದೆ. ಹೆಸರು ಬದಲಾದ ಕಾರಣ ಹಳೇ ಪುಸ್ತಕದಲ್ಲಿ ಒಂದು, ಮೊಬೈಲಿನಲ್ಲಿ ಒಂದು ಕಂಡರೆ ಗಾಬರಿ ಬೇಡ, ಹಕ್ಕಿ ಅದೇ.

ಇನ್ನೂ ಒಂದು. 2005ರಲ್ಲಿ ಈ ಕುಟುಂಬದ ಡಿಎನ್‌ಎ ಹೋಲಿಸಿ ನೋಡಿದಾಗ ಕಡಲ ಹದ್ದುಗಳಿಗೆ ತೀರಾ ಹತ್ತಿರದ ನೆಂಟರು ಯಾರು ಅಂದರೆ ಗರುಡ ಮತ್ತು ಕರಿ ಹದ್ದಿನ ಬಳಗ. ಬೆಟ್ಟದ ಮೇಲೆ ಹಾರುವ ದೊಡ್ಡ ಗಿಡುಗಗಳಿಗಿಂತ ಮೀನು ಮಾರ್ಕೆಟಿನ ಗರುಡನೇ ಇದಕ್ಕೆ ಹತ್ತಿರ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಹಾಗೆ. ಹಾಗಾಗಿ ಎರಡನ್ನೂ ಒಂದೇ ಹೆಸರಲ್ಲಿ ಕರೆದವರು ಸಂಬಂಧ ಹಿಡಿದದ್ದು ಸರಿ, ಆಳು ಹಿಡಿದದ್ದು ತಪ್ಪು.

ಈಗ ಆ 'ಅಳಿವಿನಂಚು' ವಿಷಯಕ್ಕೆ ಬರುತ್ತೇನೆ. ಜಗತ್ತಿನ ಜೀವಿಗಳ ಸ್ಥಿತಿ ನೋಡುವುದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್‌ನ ಕೆಂಪು ಪಟ್ಟಿ, 1964ರಿಂದ ನಡೆಯುತ್ತಾ ಬಂದದ್ದು. ಅದರಲ್ಲಿ ಗರುಡನೂ ಕಡಲ ಹದ್ದೂ ಎರಡೂ 'ಲೀಸ್ಟ್ ಕನ್ಸರ್ನ್', ಅಂದರೆ ಸದ್ಯಕ್ಕೆ ಅಳಿದು ಹೋಗುವ ಭಯ ಇಲ್ಲದವು. ಭಾರತದಿಂದ ಆಸ್ಟ್ರೇಲಿಯಾದವರೆಗೆ ಹರಡಿಕೊಂಡಿವೆ, ಹಾಗಾಗಿ ಆ ಲೆಕ್ಕ. ಅಳಿವಿನಂಚು ಅಂತ ಬರೆಯಲು ಆಧಾರವೇ ಇಲ್ಲ.

ಆದರೆ ನಿಮ್ಮ ಮರುದಿನದ ಪತ್ರಿಕೆಯಲ್ಲಿ ಒಬ್ಬ ಓದುಗರು ಇದನ್ನೇ ಹಿಡಿದುಕೊಂಡು ಬರೆದರು. ಇದು 'ಕನಿಷ್ಠ ಕಾಳಜಿ' ವರ್ಗದ ಹಕ್ಕಿ, ಇದು ಗೂಡು ಕಟ್ಟಿದ ಮರ ಉಳಿಸಿ ಅನ್ನುವುದು ಸುಮ್ನೆ ಗಲಾಟೆ, ಅಂತ. ನನಗೆ ಪತ್ರ ಬರೆಯಬೇಕು ಅನ್ನಿಸಿದ್ದು ನಿಜ ಹೇಳಬೇಕೆಂದರೆ ಫೋಟೋ ನೋಡಿ ಅಲ್ಲ, ಈ ಮಾತು ಓದಿ.

ಮೊದಲಿಗೆ ಆ ಅನುವಾದವೇ ಸರಿ ಇಲ್ಲ. 'ಕನಿಷ್ಠ ಕಾಳಜಿ' ಅಂತ ಓದಿದರೆ ಏನನ್ನಿಸುತ್ತದೆ? ಕಾಳಜಿ ಸ್ವಲ್ಪ ಮಾಡಿದರೆ ಸಾಕು, ಜಾಸ್ತಿ ಬೇಡ ಅನ್ನುವ ಹಾಗೆ. ಅಲ್ಲಿ ಹೇಳುವುದು ಹಾಗಲ್ಲ. ಇಡೀ ಜಗತ್ತಿನ ಲೆಕ್ಕದಲ್ಲಿ ಈಗ ಆತಂಕ ಇಲ್ಲ ಅಂತ. ಹತ್ತು ವರ್ಷದಲ್ಲಿ ಅಥವಾ ಮೂರು ತಲೆಮಾರಿನಲ್ಲಿ, ಯಾವುದು ಜಾಸ್ತಿಯೋ ಅಷ್ಟರಲ್ಲಿ, ಸಂಖ್ಯೆ ನೂರಕ್ಕೆ 30ರಷ್ಟಾದರೂ ಬಿದ್ದರೆ 'ಅಪಾಯಕ್ಕೆ ಈಡಾಗಬಲ್ಲದ್ದು' ಅನ್ನುವ ವರ್ಗಕ್ಕೆ ಹೋಗುತ್ತದೆ. ಬೇರೆ ಅಳತೆಗಳೂ ಇವೆ. ಆ ಅಳತೆ ಯಾವುದರಲ್ಲೂ ಶಿರಿಯ, ಕುಂಬಳೆ, ನೀಲೇಶ್ವರ ಅಂತ ಬೇರೆ ಬೇರೆ ಲೆಕ್ಕ ಇಲ್ಲ. ಇಲ್ಲಿನ ಗೂಡು ಎಲ್ಲ ಹೋದರೂ ಜಗತ್ತಿನ ಪಟ್ಟಿಯಲ್ಲಿ ಅದು 'ಲೀಸ್ಟ್ ಕನ್ಸರ್ನ್' ಆಗಿಯೇ ಉಳಿಯಬಹುದು. ಇದೇ ಕಡಲ ಹದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ಪಟ್ಟಿಯಲ್ಲಿ ಅಪಾಯದ ವರ್ಗದಲ್ಲಿದೆ. ಗರುಡ ಜಕಾರ್ತ ನಗರದ ಗುರುತಿನ ಹಕ್ಕಿ, ಅದೇ ಜಾವಾ ದ್ವೀಪದಲ್ಲಿ ಗರುಡ ಕಾಣುವುದು ಈಗ ಅಪರೂಪ. ಇಲ್ಲಿ ಕೂತು ನೋಡುವ ನಮಗೆ ನಗು ಬರಬಹುದು, ಮಂಜೇಶ್ವರದ ಹಾರ್ಬರಿನಲ್ಲಿ ಬಲೆ ಬಿಡಿಸುವಾಗ ತಲೆ ಮೇಲೆ ಗರುಡ ಸುತ್ತುತ್ತಾ ಇರುತ್ತವೆ, ಬಿದ್ದ ಬೂತಾಯಿ ಎತ್ತಿಕೊಂಡು ಹಾರುತ್ತಲೇ ಕಾಲಿನಿಂದ ಬಾಯಿಗೆ ಹಾಕುತ್ತವೆ. ಇಲ್ಲಿ ಇವೆ ಅಂತ ಎಲ್ಲ ಕಡೆ ಇವೆ ಅಂತಲ್ಲ, ಜಗತ್ತಿನಲ್ಲಿ ಇವೆ ಅಂತ ಇಲ್ಲಿ ಇರುತ್ತವೆ ಅಂತಲೂ ಅಲ್ಲ.

ಇದೇ ಕುಟುಂಬದ ರಣಹದ್ದಿನ ಕತೆ ಆ ಓದುಗರಿಗೆ ನೆನಪಿರಬೇಕಿತ್ತು. 1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದು ಲೆಕ್ಕಕ್ಕೆ ಸಿಗದಷ್ಟು ಇತ್ತು. ಅದನ್ನೂ ಆಗ ಯಾರೂ ಚಿಂತೆಯ ಹಕ್ಕಿ ಅಂದಿರಲಿಲ್ಲ. 2000ಕ್ಕೆ ಅದು ಪಟ್ಟಿಯ ತುತ್ತತುದಿಗೆ, ತೀವ್ರ ಅಪಾಯದ ವರ್ಗಕ್ಕೆ ಹೋಗಿ ಆಗಿತ್ತು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಅನ್ನುವ ನೋವಿನ ಮದ್ದು ಕಾರಣ ಅಂತ ಗೊತ್ತಾದದ್ದು 2004ರಲ್ಲಿ, ದನಗಳಿಗೆ ಕೊಡಬಾರದು ಅಂತ ಇಲ್ಲಿ ನಿಲ್ಲಿಸಿದ್ದು 2006ರಲ್ಲಿ. ಅಷ್ಟರೊಳಗೆ ನೂರರಲ್ಲಿ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಹೋಗಿದ್ದವು. ಕಡಲ ಹದ್ದಿಗೆ ಹಾಗೇ ಆಗುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ವರ್ಗದ ಹೆಸರು ನೋಡಿ ಮರ ಕಡಿಯುವ ತೀರ್ಮಾನ ಮಾಡಬೇಡಿ ಅನ್ನುತ್ತಿದ್ದೇನೆ.

ಗರುಡ ಮತ್ತು ಕಡಲ ಹದ್ದು ಒಂದೇ ವರ್ಗದಲ್ಲಿದ್ದರೂ ಊರಿನಲ್ಲಿ ಅವುಗಳ ಪಾಡು ಒಂದೇ ಅಲ್ಲ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗರುಡ ತೆಂಗಿನ ಮರದಲ್ಲೂ ಗೂಡು ಕಟ್ಟುತ್ತದೆ. ಕಾಸರಗೋಡಿನಲ್ಲಿ ತೆಂಗಿಗೆ ಬರವೇ? ಅದರ ಮೊಟ್ಟೆ ನಾಲ್ಕು ವಾರದೊಳಗೆ ಒಡೆಯುತ್ತದೆ, ಮರಿ ಮತ್ತೆ ಒಂದೂವರೆ ಎರಡು ತಿಂಗಳಲ್ಲಿ ಹಾರುತ್ತದೆ. ಕಡಲ ಹದ್ದಿಗೆ ಹಳೆಯ ಎತ್ತರದ ಮರವೇ ಬೇಕು. ಕೋಲು ತಂದು ತಂದು ಕಟ್ಟುವ ಗೂಡು ಕೆಳಗಿನಿಂದ ನೋಡಿದರೆ ಅಟ್ಟದ ಮೇಲೆ ಸೌದೆ ರಾಶಿ ಹಾಕಿದ ಹಾಗೆ. ಅದೇ ಗೂಡನ್ನು ವರ್ಷ ವರ್ಷ ರಿಪೇರಿ ಮಾಡಿ ದೊಡ್ಡದು ಮಾಡುತ್ತವೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಹೆಚ್ಚಾಗಿ ಉಳಿಯುವುದು ಒಂದೇ ಮರಿ. ಕಾವಿಗೆ ಸುಮಾರು ಆರು ವಾರ, ಆಮೇಲೆ ಹಾರಲು 70–80 ದಿನ. ಹತ್ತಿರ ಹತ್ತಿರ ನಾಲ್ಕು ತಿಂಗಳು ಆ ಮರದ ಮೇಲೆ ಕೆಲಸ ಇದೆ.

ಐದು ವರ್ಷದ ಹಿಂದೆ ನಮ್ಮ ಕಡೆ ಒಂದು ದಾರಿ ಅಗಲ ಮಾಡಿದರು. ದಾರಿ ಬೇಕಿತ್ತು, ಬೇಡ ಅನ್ನುವವನು ನಾನಲ್ಲ. ಆದರೆ ಅಂಚಿನಲ್ಲಿದ್ದ ದೊಡ್ಡ ಬಾಗೆ ಮರದಲ್ಲಿ ಒಂದು ಜೋಡಿ ಕಡಲ ಹದ್ದಿನ ಗೂಡು ಇತ್ತು. ಮರಿ ಇದೆ, ಎರಡು ತಿಂಗಳು ಕಾಯಿರಿ ಅಂತ ಕೆಲಸದವರಿಗೆ ಹೇಳಿದೆವು. 'ಮಧ್ಯಾಹ್ನ ನೋಡುವ' ಅಂದರು. ಮಧ್ಯಾಹ್ನ ನಾನು ಅಂಗಡಿಯಿಂದ ಊಟಕ್ಕೆ ಬರುವಾಗ ಮರ ಅಡ್ಡ ಬಿದ್ದಿತ್ತು. ಗೂಡಿನ ಕೋಲುಗಳು ದಾರಿ ತುಂಬಾ ಚೆಲ್ಲಿದ್ದವು, ಅದರ ನಡುವೆ ನೀಲಿ ಬಲೆಯ ಒಂದು ತುಂಡು, ಒಣಗಿದ ಮೀನಿನ ಮುಳ್ಳು, ಮಕ್ಕಳ ಒಂದು ಚಪ್ಪಲಿ ಕೂಡ. ಮರಿ ಸಿಗಲಿಲ್ಲ. ಎರಡು ಹದ್ದುಗಳು ಮೂರು ದಿನ ಮರ ಇದ್ದ ಜಾಗದ ಮೇಲೆಯೇ ಸುತ್ತುತ್ತಿದ್ದವು. ಅದೇ ಸಾಲಿನಲ್ಲಿ ತೆಂಗಿನ ಮರದ ಗೂಡು ಕಳಕೊಂಡ ಗರುಡಗಳು ಒಳಗಿನ ತೋಟದಲ್ಲಿ ಬೇರೆ ತೆಂಗು ಹಿಡಿದುಕೊಂಡವು. ಹದ್ದುಗಳು ಎರಡು ವರ್ಷ ಗೂಡು ಕಟ್ಟಿದ್ದನ್ನು ನಾನು ಕಾಣಲಿಲ್ಲ.

ಮೂರನೇ ವರ್ಷ ನಮ್ಮ ನೆರೆಮನೆಯ ಹಿತ್ತಿಲಿನ ಕಾಟು ಮಾವಿನ ಮರಕ್ಕೆ ಬಂದವು. ಈಗ ಗಲಾಟೆ ಇರುವುದು ಆ ಮರದ ವಿಷಯಕ್ಕೇ. ನೆರೆಮನೆಯವರದ್ದು ತಪ್ಪು ಅಂತ ನಾನು ಹೇಳಲಾರೆ. ಆ ಹಕ್ಕಿಗೆ ಬಂಗುಡೆ ಎಷ್ಟು ಇಷ್ಟವೋ ಕಡಲ ಹಾವೂ ಅಷ್ಟೇ ಇಷ್ಟ. ತಿಂದು ಉಳಿದದ್ದು ಮರದ ಕೆಳಗೆ ಬೀಳುತ್ತದೆ. ಮರದ ಪಕ್ಕದಲ್ಲೇ ಬಾವಿ. ಒಂದು ದಿನ ಬೆಳಿಗ್ಗೆ ಆ ಮನೆಯ ಅಕ್ಕ ಕೊಡಪಾನ ಎಳೆಯುವಾಗ ನೀರಿನ ಮೇಲೆ ಪಟ್ಟೆ ಪಟ್ಟೆಯ ಬಾಲದ ತುಂಡು ತೇಲುತ್ತಿತ್ತು. 'ಇದು ಎಂತ ಸಾವು ಮಾರಾಯಾ, ನಾನು ಇನ್ನು ಈ ನೀರು ಹೇಗೆ ಕುಡಿಯುವುದು?' ಅಂತ ನನ್ನನ್ನು ಕರೆದು ತೋರಿಸಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾವಿ ಪೂರ್ತಿ ಖಾಲಿ ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ, ಮೇಲೆ ಕಬ್ಬಿಣದ ಚೌಕಟ್ಟು ಇಟ್ಟು ಸಣ್ಣ ಕಣ್ಣಿನ ಬಲೆ ಕಟ್ಟಿದೆವು. ಬಲೆ ಕೊಟ್ಟದ್ದು ಹಾರ್ಬರಿನ ಸ್ನೇಹಿತರು, ಚೌಕಟ್ಟಿಗೆ ಸಾವಿರದ ಎಂಟುನೂರು ಆಯಿತು, ಅರ್ಧ ನಾನು ಹಾಕಿದೆ. ಈಗ ಬೀಳುವುದೆಲ್ಲ ಬಲೆಯ ಮೇಲೆ ಬೀಳುತ್ತದೆ, ಕಾಗೆ ಬಂದು ಕೊಂಡು ಹೋಗುತ್ತದೆ. ಅಕ್ಕ ಪೂರ್ತಿ ಸಮಾಧಾನ ಆಗಿದ್ದಾರೆ ಅಂತ ಅಲ್ಲ, ಆದರೆ ಮರ ಕಡಿಯುವ ಮಾತು ಸದ್ಯಕ್ಕೆ ನಿಂತಿದೆ.

ಕಾನೂನಿನ ಮಾತು ಕೂಡ ಒಂದು ಇದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಕೋವಿ ಹಿಡಿಯುವುದು ಮಾತ್ರ ಅಲ್ಲ, ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಗೂಡಿಗೆ ತೊಂದರೆ ಕೊಡುವುದು ಕೂಡ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಕಡಲ ಹದ್ದು ಅದರ ಮೊದಲನೇ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಜಗತ್ತಿನ ಪಟ್ಟಿಯಲ್ಲಿ ಚಿಂತೆ ಇಲ್ಲದ್ದು, ದೇಶದ ಕಾಯ್ದೆಯಲ್ಲಿ ಎತ್ತರದ ರಕ್ಷಣೆ ಇರುವುದು, ಜಿಲ್ಲೆಗೆ ಗುರುತಿನ ಹಕ್ಕಿ, ನೆರೆಮನೆಗೆ ಬಾವಿಯ ತೊಂದರೆ. ನಾಲ್ಕೂ ಒಟ್ಟಿಗೆ ನಿಜ. ನೀವು ಬರೆಯುವಾಗ ನಾಲ್ಕನ್ನೂ ಬರೆಯಿರಿ, 'ಅಳಿವಿನಂಚು' ಅಂತ ಒಂದೇ ಪದದಲ್ಲಿ ಮುಗಿಸಬೇಡಿ. ಸುಳ್ಳು ಹೇಳಿ ಹೆದರಿಸಿದರೆ ನಾಳೆ ಯಾರಾದರೂ ಪಟ್ಟಿ ತೆಗೆದು ತೋರಿಸುತ್ತಾರೆ, ಆಗ ನಿಜ ಹೇಳಿದರೂ ನಂಬುವವರು ಇರುವುದಿಲ್ಲ. ಆ ಓದುಗರು ಮಾಡಿದ್ದು ಅದನ್ನೇ ಅಲ್ವಾ?

ತಿದ್ದುಪಡಿ ಹಾಕುವಾಗ ಒಳಪುಟದ ಮೂಲೆಯಲ್ಲಿ ಹಾಕದೆ ಅದೇ ಜಾಗದಲ್ಲಿ ಹಾಕಿದರೆ ಒಳ್ಳೆಯದು. ಗರುಡನದ್ದೂ ಒಂದು ಫೋಟೋ ಪಕ್ಕದಲ್ಲಿರಲಿ, ಮಕ್ಕಳು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ನಿಮ್ಮ ಫೋಟೋಗ್ರಾಫರಿಗೆ ಮರ ನೋಡಬೇಕಿದ್ದರೆ ಅಂಗಡಿಗೆ ಬರಲಿ, ನಾನೇ ಕರೆದುಕೊಂಡು ಹೋಗುತ್ತೇನೆ. ಡ್ರೋನ್ ಮಾತ್ರ ತರುವುದು ಬೇಡ. ಮೊನ್ನೆಯಿಂದ ಹೆಣ್ಣು ಗೂಡು ಬಿಟ್ಟು ಏಳುತ್ತಿಲ್ಲ, ಮೊಟ್ಟೆ ಇಟ್ಟಿರಬೇಕು.

ಇಂತಿ,
ಶಿರಿಯದ ಒಬ್ಬ ಓದುಗ